ಹಿಪ್-ಹಾಪ್ ಗೋಷ್ಠಿಯಲ್ಲಿ ಕ್ವಿಯರ್ ಕವಿಗಳು: ಒಂದು ನಾಮವಿಚಾರ

ಅಮೆರಿಕಾ ದೇಶದ ರ್ಯಾಪ್ ಕವಿಗಳಲ್ಲಿ ಸಲಿಂಗಾನುರಾಗಿಗಳೂ ಲಿಂಗಪರಿವರ್ತಿತರೂ ಸ್ಥಾನವನ್ನು ಪಡೆದ ಬಗೆಯನ್ನು, ಅವರಿಗೆ ಬಂದ ಹೆಸರುಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇವರೆಲ್ಲರನ್ನೂ ಒಟ್ಟಾಗಿ ಹೇಳುವ ‘ಕ್ವಿಯರ್’ ಎಂಬ ಶಬ್ದವೇ ಮೊದಲು ಬೈಗುಳಾಗಿದ್ದು, ಆಮೇಲೆ ಅವರೇ ತಮ್ಮದನ್ನಾಗಿ ಮಾಡಿಕೊಂಡದ್ದು.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1973ನೆಯ ಇಸವಿ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬವರು ಧ್ವನಿಮುದ್ರಿಕೆಗಳನ್ನು ನುಡಿಸಿದ ಕೂಟದಿಂದ ಹಿಪ್-ಹಾಪ್ ಸಂಪ್ರದಾಯವನ್ನು ಎಣಿಸುವುದು ವಾಡಿಕೆ. ಅದರ ವಾಚಿಕಾಂಗವೇ ರ್ಯಾಪ್. ಇಲ್ಲಿ ಕವಿಯು ಹೆಚ್ಚಾಗಿ ಉತ್ತಮಪುರುಷದಲ್ಲಿ ನುಡಿಯುವನು. ಆತ್ಮಪ್ರಶಂಸೆ ದೋಷವಲ್ಲ, ಭೂಷಣ. ತನ್ನ ವಿಷಯದಲ್ಲಿ ತಾನು ಸುಳ್ಳಾಡುವುದೇ ಮಹಾದೋಷ. ಹೀಗಿದ್ದೂ ಕೆಲವು ಕವಿಗಳು ತಮ್ಮ ಪ್ರೇಮವನ್ನು ಮಾತ್ರ ಮರೆಮಾಚಬೇಕಾಗಿತ್ತು. ಅವರನ್ನು ಹಳಿಯುವ ಮಾತುಗಳು ಪ್ರಸಿದ್ಧ ಕವಿಗಳ ಹಾಡುಗಳಲ್ಲಿಯೇ ತುಂಬಿದ್ದುವು.

ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಹುಟ್ಟಿದ ‘ಡೀಪ್ ಡಿಕಲೆಕ್ಟಿವ್’ ತಂಡದ ಟಿಮ್ ವೆಸ್ಟ್ ಅವರಿಂದ ‘ಹೋಮೋ ಹಾಪ್’ ಎಂಬ ಹೆಸರು ಬಂದಿತು. ಅದೇ ತಂಡದ ಜೂಬಾ ಕಲಾಂಕಾ ಅವರು ಓಕ್‌ಲೆಂಡಿನಲ್ಲಿ ನಡೆಯಿಸಿದ ‘ಪೀಸ್‌ಔಟ್’ ಉತ್ಸವವು 2001ರಲ್ಲಿ ಆರಂಭವಾಗಿ 2007ರವರೆಗೆ ನಡೆಯಿತು. ಲಕ್ಷಣವೆಂದರೆ ಅಸಾಧಾರಣ ಧರ್ಮವನ್ನು ಹೇಳುವುದೆಂದು ತಾರ್ಕಿಕರ ಮತವಷ್ಟೆ. ಈ ಹೆಸರಿನಿಂದ ಲಯವಾಗಲಿ ಪ್ರಾಸವಾಗಲಿ ಯಾವ ವಿಶೇಷವೂ ತಿಳಿಯದು, ಹಾಡಿದವರಾರೆಂಬುದಷ್ಟೇ ತಿಳಿಯುವುದು. ಆದುದರಿಂದ ಇದು ಕಾವ್ಯದ ಹೆಸರಲ್ಲ, ಗೋಷ್ಠಿಯ ಹೆಸರು. ಅಷ್ಟರಿಂದ ವ್ಯರ್ಥವೆನ್ನಲಾಗದು: ಊರೂರುಗಳಲ್ಲಿ ಒಂಟಿಯಾಗಿದ್ದ ಕವಿಗಳು ಒಬ್ಬರನ್ನೊಬ್ಬರು ಕಂಡದ್ದು ಈ ಹೆಸರಿನ ನೆರಳಿನಲ್ಲಿಯೇ. ಆದರೆ ಹೊರಗಿನವರು ಅದನ್ನೇ ಹಿಡಿದು ಇವರಿಗೆ ಬೇರೆ ಪಂಕ್ತಿಯಲ್ಲಿ ಎಲೆ ಹಾಕಿದರು. ಪಾಠಶಾಲೆಯ ಊಟದ ಮನೆಯಲ್ಲಿ ಪಂಕ್ತಿಭೇದವನ್ನು ಕಂಡ ನನಗೆ, ಎಲೆ ದೊರೆತರೂ ಪಂಕ್ತಿ ದೊರೆಯದಿರುವುದೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನ್ಯೂ ಆರ್ಲಿಯನ್ಸ್ ಪಟ್ಟಣದ ವೃತ್ತಾಂತ ಬೇರೆ. ಅಲ್ಲಿ 1990ರ ದಶಕದ ಆರಂಭದಲ್ಲಿ ಬೆಳೆದ ‘ಬೌನ್ಸ್’ ಎಂಬ ಪ್ರಭೇದದಲ್ಲಿ ಹಾಡುವವರು ಕೂಗಿ ಕೇಳುವರು, ನೆರೆದ ಜನ ಓಗೊಡುವರು. ಕೇರಿಗಳ ಹೆಸರನ್ನು ಕರೆಯುವುದು ಅದರ ವಾಡಿಕೆ. ಮೆಲ್ಪೊಮಿನಿ ವಸತಿಯ ಲಿಂಗಪರಿವರ್ತಿತೆ ಕೇಟಿ ರೆಡ್ ಅವರು 1999ರಲ್ಲಿ ತಮ್ಮ ಕೇರಿಯ ಹೆಸರನ್ನೇ ಇಟ್ಟು ಮುದ್ರಿಕೆಯನ್ನು ಹೊರತಂದರು. ಅವರ ಹಿಂದೆ ನಿಂತು ಕುಣಿದ ಬಿಗ್ ಫ್ರೀಡಿಯಾ ಮುಂದೆ ಅವರಿಗಿಂತಲೂ ಪ್ರಸಿದ್ಧಿಗೆ ಬಂದರು. ಕೇರಿಯವರು ಓಗೊಟ್ಟರು, ಕುಣಿದರು. ‘ಸಿಸ್ಸಿ ಬೌನ್ಸ್’ ಎಂಬ ಹೆಸರು ಹೊರಗಿನ ಲೇಖಕರಿಂದ ಹಬ್ಬಿದ್ದು ಆಮೇಲೆ. ಫ್ರೀಡಿಯಾ ಅದನ್ನು ಒಪ್ಪದೆ, ಇರುವುದು ಬೌನ್ಸ್ ಒಂದೇ ಎಂದರು. ಓಕ್‌ಲೆಂಡಿನಲ್ಲಿ ಹೆಸರು ಮೊದಲು, ಸ್ಥಾನ ಅನಂತರ. ಇಲ್ಲಿ ಸ್ಥಾನ ಮೊದಲು. ಎರಡನೆಯದೇ ಗಟ್ಟಿಯಾದುದೆಂದು ನನ್ನ ಮತ.

2019ರಲ್ಲಿ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಬಿಲ್‌ಬೋರ್ಡ್ ಪಟ್ಟಿಯ ಶಿಖರದಲ್ಲಿ 19 ವಾರ ನಿಂತಿತು. ಆ ವಾರಗಳ ನಡುವೆಯೇ, ಜೂನ್ 30ರಂದು, ಅವರು ತಮ್ಮ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಇದಕ್ಕೆ ಮೂರು ವರ್ಷ ಮುಂಚೆ, 2016ರಲ್ಲಿ, ಬಿಯಾನ್ಸೆ ಅವರ ‘ಫಾರ್ಮೇಶನ್’ ಎಂಬ ಹಾಡಿನಲ್ಲಿ ಬಿಗ್ ಫ್ರೀಡಿಯಾ ಅವರ ದನಿಯನ್ನು ಜಗತ್ತೇ ಕೇಳಿತು. ಆ ಹಾಡಿನ ಚಿತ್ರದಲ್ಲಿ ನ್ಯೂ ಆರ್ಲಿಯನ್ಸ್ ಇದೆ, ಫ್ರೀಡಿಯಾ ಅವರ ದನಿಯಿದೆ, ಮುಖವಿಲ್ಲ.