ಟರ್ನ್‌ಟೇಬಲ್‌ನ ಕಂಪನ ನಿವಾರಣೆ

ನೆಲ, ಮೇಜು ಹಾಗೂ ಸ್ಪೀಕರ್‌ಗಳಿಂದ ಟರ್ನ್‌ಟೇಬಲ್‌ಗೆ ತಲಪುವ ಅದಿರಾಟವನ್ನು ತಗ್ಗಿಸುವ ವಿಧಾನ. ರೆಕಾರ್ಡಿನ ಗೀರುಗಳ ಸೂಕ್ಷ್ಮ ಏರಿಳಿತವನ್ನು ಸೂಜಿ ಗ್ರಹಿಸುವಾಗ ಹೊರಗಿನ ಕಂಪನವೂ ಸಂಗೀತದೊಡನೆ ಬೆರೆಯುತ್ತದೆ. ಸ್ಪೀಕರ್‌ನ ಕಂಪನ ಸೂಜಿಗೆ ಮರಳಿದರೆ ಗುಂಯ್‌ಗುಡುವ ಸದ್ದು ಹುಟ್ಟುತ್ತದೆ.

ತತ್ತ್ವ: ಮೆತ್ತನೆಯ ಆಧಾರದ ಮೇಲಿನ ಭಾರಕ್ಕೆ ತನ್ನದೇ ಸಹಜ ಆವೃತ್ತಿಯಿದೆ. ಅದರ ಸುಮಾರು 1.4 ಪಟ್ಟನ್ನು ಮೀರಿದ ಕಂಪನಗಳಷ್ಟೇ ತಗ್ಗುತ್ತವೆ. ಸಹಜ ಆವೃತ್ತಿಯ ಆಸುಪಾಸಿನವು ಹಿಗ್ಗುತ್ತವೆ. ಭಾರಕ್ಕೆ ಸ್ಪ್ರಿಂಗ್ 1 ಸೆಂ.ಮೀ. ಕುಗ್ಗಿದರೆ ಈ ಆವೃತ್ತಿ ಸುಮಾರು 5 ಹರ್ಟ್ಸ್, 1 ಮಿ.ಮೀ. ಕುಗ್ಗಿದರೆ ಸುಮಾರು 16 ಹರ್ಟ್ಸ್. ಸೂಜಿಯನ್ನು ಹೊತ್ತ ತೋಳು-ಕಾರ್ಟ್ರಿಜ್ ಜೋಡಿಯ ಅನುರಣನ ಸಾಮಾನ್ಯವಾಗಿ 8–12 ಹರ್ಟ್ಸ್ ಇರುವುದರಿಂದ ಆಧಾರದ ಆವೃತ್ತಿ ಅದಕ್ಕಿಂತ ಸಾಕಷ್ಟು ಕೆಳಗಿರುವುದು ಒಳಿತು.

ಸಾಮಗ್ರಿಗಳು: ಅರ್ಧಕ್ಕೆ ಕತ್ತರಿಸಿದ ಟೆನಿಸ್ ಚೆಂಡು, ಅರೆಗಾಳಿ ತುಂಬಿದ ಸೈಕಲ್ ಟ್ಯೂಬ್, ರಬ್ಬರ್ ಅಥವಾ ಬೆಂಡಿನ ಹಾಳೆ. ಮೇಲೆ ಗ್ರಾನೈಟ್ ಚಪ್ಪಡಿಯಿಟ್ಟು ಭಾರ ಹೆಚ್ಚಿಸಿದರೆ ಆವೃತ್ತಿ ಇಳಿಯುತ್ತದೆ. ಮರಳನ್ನೂ ಬಳಸಬಹುದು; ಅದು ಕಂಪನಶಕ್ತಿಯನ್ನು ಘರ್ಷಣೆಯಿಂದ ಶಾಖವಾಗಿಸುತ್ತದೆ. ರಬ್ಬರ್ ಪೂರ್ತಿ ಅಪ್ಪಚ್ಚಿಯಾದರೆ ಅದರ ಗುಣ ನಷ್ಟವಾಗುತ್ತದೆ. ಟರ್ನ್‌ಟೇಬಲ್ ಸಮತಲದಲ್ಲಿರುವುದು ಅತ್ಯಗತ್ಯ. ನಡಿಗೆಗೆ ಅದುರುವ ಮರದ ನೆಲವಿದ್ದರೆ ಗೋಡೆಗೆ ಬಿಗಿದ ಹಲಗೆಯೇ ಉತ್ತಮ.

ಇತಿಹಾಸ: ಅಮೆರಿಕದ ಎಡ್ಗರ್ ವಿಲ್ಚರ್ ವಿನ್ಯಾಸಗೊಳಿಸಿದ ಎಆರ್ ಟರ್ನ್‌ಟೇಬಲ್ (1961) ಸ್ಪ್ರಿಂಗ್ ಆಧಾರದ ಒಳಚೌಕಟ್ಟನ್ನು ಜನಪ್ರಿಯಗೊಳಿಸಿತು.