ಶಾಸನದ ಮಾತೂ ಮನೆಯ ಮಾತೂ

“ಆ ಹೊಲ, ಅದು ನಮ್ಮ ಅಜ್ಜನದು” ಎಂದು ಅಜ್ಜಂಪುರದ ಕಡೆಯ ರೈತನು ನುಡಿದರೆ, ವ್ಯಾಕರಣವನ್ನು ಕಲಿತ ನಾವು “ಅದು” ಎಂಬುದನ್ನು ಅಧಿಕಪದವೆಂದು ಹೊಡೆದುಹಾಕುವೆವು. ಇದು ನ್ಯಾಯವೆ?

ಫ್ರೆಂಚರ ಆಡುಮಾತಿನಲ್ಲಿಯೂ ಈ ಕ್ರಮವುಂಟು. “ನನ್ನ ತಮ್ಮ, ಅವನು ಹೋದನು” ಎಂಬಂತೆ ವಿಷಯವನ್ನು ಮೊದಲು ಬೇರೆಯಾಗಿರಿಸಿ, ಬಳಿಕ ಸರ್ವನಾಮದಿಂದ ಹಿಡಿಯುವರು. “ಅವನು ಹೋದನು, ನನ್ನ ತಮ್ಮ” ಎಂದು ಕಡೆಗೆ ತರುವುದೂ ಉಂಟು. ಮೊದಲನೆಯದು ಕೇಳುವವನ ಲಕ್ಷ್ಯವನ್ನು ವಿಷಯದ ಕಡೆಗೆ ತಿರುಗಿಸುವುದು. ಎರಡನೆಯದು ಹೇಳಿದುದನ್ನೇ ಸ್ಪಷ್ಟಪಡಿಸುವುದು.

ಇದಕ್ಕೆ ಸಮೀಪವಾದುದು ನಮ್ಮ ಶಾಸನಗಳಲ್ಲಿದೆ. ಕಡೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟವಾಗಿ ಪ್ರಕಟಿಸಿದರು. ತರೀಕೆರೆ ಸೀಮೆಯ ಅಮೃತಾಪುರದ ಶಾಸನವೂ ಅದರಲ್ಲಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಅಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಆ ಶಾಸನವನ್ನು ರಚಿಸಿದವನು ಕವಿ ಜನ್ನ.

ಹೊಯ್ಸಳರ ಶಾಸನಗಳಲ್ಲಿ ಬಹಳ ಕಡೆ ಅರಸನ ಬಿರುದಾವಳಿಯು ಮೊದಲು ಬರುವುದು. ಅವನು ರಾಜ್ಯವಾಳುತ್ತಿರಲು, “ತತ್ಪಾದಪದ್ಮೋಪಜೀವಿ” ಎಂದು ಸೇವಕನ ಹೆಸರು ತೊಡಗುವುದು. ಆ “ತತ್” ಎಂಬುದು ಅರಸನನ್ನು ಹಿಡಿದುಕೊಂಡೇ ಮಾತನ್ನು ದಾನಿಯ ಕಡೆಗೆ ಒಯ್ಯುವುದು. ಅದನ್ನು ಗಮನಿಸದೆ ಓದಿದರೆ ಸೇವಕನು ಮಾಡಿದ ಧರ್ಮವು ಅರಸನ ಲೆಕ್ಕಕ್ಕೆ ಸೇರಿಹೋಗುವುದು.

ಇವೆರಡೂ ಒಂದೇ ಅಲ್ಲ. ಫ್ರೆಂಚಿನದು ಒಂದೇ ವಾಕ್ಯದೊಳಗಣ ಕಟ್ಟು; ಶಾಸನದ್ದು ವಾಕ್ಯದಿಂದ ವಾಕ್ಯಕ್ಕೆ ಹಾಯುವ ಸೇತುವೆ. ಆದರೂ ಕೆಲಸವೊಂದೇ: ಯಾರ ಮಾತು, ಯಾವುದರ ಮಾತು ಎಂಬುದನ್ನು ನಿಲ್ಲಿಸುವುದು. ಕನ್ನಡದಲ್ಲಿ ಕ್ರಿಯಾಪದವೇ ಲಿಂಗವಚನಗಳನ್ನು ತೋರುವುದರಿಂದ ಸರ್ವನಾಮವಿಲ್ಲದೆಯೂ ವಾಕ್ಯವು ನಡೆಯುವುದು. ಹಾಗಿದ್ದೂ ರೈತನು “ಅದು” ಎಂದನೆಂದರೆ, ಅವನು ತನ್ನ ಹಕ್ಕಿನ ಮೇಲೆ ಕೈಯಿಟ್ಟು ನುಡಿದನೆಂದೇ ತಿಳಿಯಬೇಕು.