ಡಾಕ್ಟರ ಕುರ್ಚಿಯಲ್ಲಿ ನರ್ಸಮ್ಮ

ಅಮೆರಿಕದ ಆಸ್ಪತ್ರೆಗಳಲ್ಲಿ ಈಗ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆದುಕೊಡುವವರು ಎಷ್ಟೋ ಸಲ ಡಾಕ್ಟರೇ ಆಗಿರುವುದಿಲ್ಲ. ಒಂದೋ ನರ್ಸ್ ಪ್ರಾಕ್ಟೀಷನರ್, ಇಲ್ಲವೇ ಫಿಸಿಷಿಯನ್ ಅಸಿಸ್ಟೆಂಟ್. ನಮ್ಮನ್ನು ಬಿಡಿಸಿ ಅಗ್ಗದವರನ್ನು ಕೂರಿಸುತ್ತಿದ್ದಾರೆ ಎಂದು ಅಲ್ಲಿನ ವೈದ್ಯರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಈ ಪದ್ಧತಿ ಹುಟ್ಟಿದ್ದು ಉಳಿತಾಯದ ಆಸೆಯಿಂದಲ್ಲ.

ಲೊರೆಟ್ಟಾ ಫೋರ್ಡ್ ಎಂಬಾಕೆ ಕೊಲರಾಡೋದ ಹಳ್ಳಿಗಾಡಿನಲ್ಲಿ ನರ್ಸಾಗಿದ್ದವರು. ಡಾಕ್ಟರು ಸಿಗದ ಕಡೆ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವರು ನರ್ಸುಗಳೇ. ಆ ಕೆಲಸಕ್ಕೆ ತಕ್ಕ ತರಬೇತಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. 1965ರಲ್ಲಿ ಆಕೆ ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಜೊತೆಗೂಡಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಮೊದಲ ತರಬೇತಿ ಶುರುಮಾಡಿದರು. ವೈದ್ಯರು ಮಾತ್ರವಲ್ಲ, ನರ್ಸಿಂಗ್ ಬಳಗದವರೂ ವಿರೋಧಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್, ನೌಕಾಪಡೆಯಲ್ಲಿ ಶುಶ್ರೂಷೆ ಕಲಿತು ಬಂದಿದ್ದ ನಾಲ್ವರು ಗಂಡಸರನ್ನು ಸೇರಿಸಿಕೊಂಡು ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸ್ ತೆರೆದರು.

ನಮಗೇನು ಇದು ಹೊಸದಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಎಲ್.ಎಂ.ಪಿ. ಡಾಕ್ಟರುಗಳಿದ್ದರಲ್ಲ, ಎಂ.ಬಿ.ಬಿ.ಎಸ್.ಗಿಂತ ಕಡಿಮೆ ಓದಿನವರು! 1946ರ ಭೋರ್ ಸಮಿತಿಯ ವರದಿಯ ಹೊತ್ತಿಗೆ ದೇಶದ ಸುಮಾರು 47,500 ವೈದ್ಯರಲ್ಲಿ 30 ಸಾವಿರದಷ್ಟು ಜನ ಇಂಥವರೇ. ಸಮಿತಿಯ ಬಹುಮತ ಆ ಓದನ್ನೇ ನಿಲ್ಲಿಸಿ ಎಂದಿತು. ಹಳ್ಳಿಗೆ ಆಮೇಲೆ ಯಾರು ಹೋದರು ಎಂಬುದು ಬೇರೆ ಮಾತು.

ಅಮೆರಿಕದಲ್ಲಿ ಹಣದ ದಾರಿ ಅಗಲವಾದದ್ದು 1997ರ ಕಾನೂನಿನಿಂದ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, ಊರು ಯಾವುದೇ ಇರಲಿ, ನರ್ಸ್ ಪ್ರಾಕ್ಟೀಷನರಿಗೆ ಡಾಕ್ಟರ ಶುಲ್ಕದ ನೂರಕ್ಕೆ 85ರಷ್ಟು ಕೊಡತೊಡಗಿತು. ಸಂಬಳವೋ ಡಾಕ್ಟರದರ ಅರ್ಧದ ಆಸುಪಾಸು. ಬರುವುದು 85, ಹೋಗುವುದು 50! ಮನೆಯ ಲೆಕ್ಕ ಬರೆಯುವ ಯಾವ ಹೆಂಗಸಿಗೂ ಆಸ್ಪತ್ರೆಯವರ ಬುದ್ಧಿ ತಿಳಿದೀತು. ಒಂದೇ ಕೆಲಸಕ್ಕೆ ಆ 15 ಏಕೆ ಕಡಿತ ಎಂಬುದು ಮಾತ್ರ ನನಗೆ ಒಗಟು.

ರೋಗಿಯ ಗತಿಯೇನು? 2000ದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದು 1,316 ರೋಗಿಗಳನ್ನು ನೋಡಿ, ಆರು ತಿಂಗಳ ಬಳಿಕ ಇಬ್ಬರ ಆರೈಕೆಯ ಫಲವೂ ಒಂದೇ ಎಂದಿತು. ಅದು ನಿತ್ಯದ ಕಾಯಿಲೆಗಳ ಮಾತು. ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳ ಬಗ್ಗೆ 2022ರಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು: ನರ್ಸ್ ಪ್ರಾಕ್ಟೀಷನರು ನೋಡಿದವರು ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಕಾದರು, ಪರೀಕ್ಷೆಗಳು ಹೆಚ್ಚಾದವು, ಸಂಬಳದಲ್ಲಿ ಉಳಿದದ್ದಕ್ಕಿಂತ ಖರ್ಚೇ ಹೆಚ್ಚಾಯಿತು. ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಅದೇ ಅಧ್ಯಯನದಲ್ಲಿ ಎಷ್ಟೋ ನರ್ಸುಗಳು ಎಷ್ಟೋ ಡಾಕ್ಟರುಗಳಿಗಿಂತ ಚೆನ್ನಾಗಿ ನೋಡಿದ್ದರು.